ಎರೆಯ ನಾಡಿನಲ್ಲಿ ಎತ್ತರದ ಜೀಪು

ಕೃಷ್ಣೆ ಭೀಮೆಯರ ಸೀಮೆಯಾದ ಯಾದಗಿರಿ, ಶಹಾಪುರ, ಸುರಪುರಗಳ ಕಡೆ ಎರೆಯ ಹೊಲಗಳು ಹೇರಳ. ಬೇಸಗೆಯಲ್ಲಿ ಬಾಯ್ದೆರೆದು ಬಿರಿಯುವ ಈ ಕರಿಯ ಮಣ್ಣು ಮಳೆ ಬಿದ್ದೊಡನೆ ಉಬ್ಬಿ ಅಂಟಾಗಿ, ಮೆಟ್ಟಿದವನ ಪಾದವನ್ನೇ ಬಿಡದು. ನಾರಾಯಣಪುರದ ಬಸವಸಾಗರದಿಂದ ಕಾಲುವೆಯ ನೀರು ಹರಿದು ಬಂದ ಮೇಲಂತೂ ಶಹಾಪುರ, ಸುರಪುರಗಳ ಎಷ್ಟೋ ಹೊಲದ ಹಾದಿಗಳಿಗೆ ಮಳೆಗಾಲ ಮುಗಿದರೂ ಕೆಸರು ತಪ್ಪಲಿಲ್ಲ. ಇಂತಹ ನಾಡಿನಲ್ಲಿ ಸಣ್ಣದೊಂದು ಜೀಪುಳ್ಳವನಿಗೆ, ಅದರ ಮೈಯನ್ನು ಇನ್ನೂ 2 ಅಂಗುಲ ಮೇಲೆತ್ತಿದರೆ ಹೇಗೆಂಬ ಯೋಚನೆ ಬರುವುದು ಸಹಜವೇ ಸರಿ.

ಈ ಕೆಲಸ ಎಲ್ಲ ಮೋಟಾರುಗಳಿಗೂ ಒಗ್ಗುವಂತಹುದಲ್ಲ. ಸಾಮಾನ್ಯ ಕಾರಿನಲ್ಲಿ ಮೈಯೂ ಅಡಿಗಟ್ಟೂ ಒಂದೇ. ಹಳೆಯ ಮಹೀಂದ್ರ ಜೀಪು, 1985ರಲ್ಲಿ ಬಂದ ಮಾರುತಿ ಜಿಪ್ಸಿ, 2023ರಲ್ಲಿ ಭಾರತದ ಪೇಟೆಗಿಳಿದ ಜಿಮ್ನಿ, ಇವುಗಳ ರಚನೆ ಬೇರೆ. ಏಣಿಯಾಕಾರದ ಉಕ್ಕಿನ ಚಾಸಿಸ್ಸಿನ ಮೇಲೆ ರಬ್ಬರಿನ ಮೆತ್ತೆಗಳನ್ನಿರಿಸಿ, ಅವುಗಳ ಮೇಲೆ ಮೈಯನ್ನು ಕೂರಿಸಿ ಬೋಲ್ಟುಗಳಿಂದ ಬಿಗಿದಿರುತ್ತಾರೆ. ಆ ಬೋಲ್ಟುಗಳನ್ನು ಕಳಚಿ, ನಡುವೆ ಗಟ್ಟಿಯಾದ ಬಿಲ್ಲೆಗಳನ್ನಿಟ್ಟು, ಉದ್ದನೆಯ ಬೋಲ್ಟುಗಳಿಂದ ಮತ್ತೆ ಬಿಗಿಯುವುದೇ ಮೈ ಎತ್ತರಿಸುವ ಉಪಾಯ. ಅಮೆರಿಕೆಯ ಹವ್ಯಾಸಿಗಳು ಹಿಮಗಡ್ಡೆಯ ಮೇಲಾಡುವ ಹಾಕಿಯ ಬಿಲ್ಲೆಗಳನ್ನೇ ಇದಕ್ಕೆ ಬಳಸಿದ್ದುಂಟು. 1 ಅಂಗುಲ ದಪ್ಪ, 3 ಅಂಗುಲ ಅಗಲದ ಗಟ್ಟಿ ರಬ್ಬರು ಅದು. ಇಲ್ಲಿಯವರು ನೈಲಾನು ಇಲ್ಲವೆ ಅಲ್ಯೂಮಿನಿಯಮ್ಮಿನ ಬಿಲ್ಲೆಗಳನ್ನು ಲೇತಿನಲ್ಲಿ ಕಡೆಸಿಕೊಳ್ಳಬಹುದು. ಮರದ ತುಂಡು ಮಾತ್ರ ಸಲ್ಲದು. ಅದು ನೀರು ಹೀರಿ ಸೀಳಿದರೆ ಬೋಲ್ಟಿನ ಬಿಗಿತವೂ ಸಡಿಲುವುದು.

ಎತ್ತುವಾಗ ಅವಸರ ಕೂಡದು. ಮೊದಲು ಬ್ಯಾಟರಿಯ ತಂತಿಯನ್ನು ಬಿಡಿಸಬೇಕು. ಒಂದು ಬದಿಯ ಬೋಲ್ಟುಗಳನ್ನು ತೆಗೆದು, ಇನ್ನೊಂದು ಬದಿಯವನ್ನು ಸಡಿಲಿಸಿ, ಜಾಕಿನ ಮೇಲೆ ಹಲಗೆಯಿಟ್ಟು ಮೆಲ್ಲಮೆಲ್ಲನೆ ಏರಿಸಬೇಕು. ಸ್ಟಿಯರಿಂಗಿನ ದಂಡ, ಬ್ರೇಕಿನ ನಳಿಗೆ, ಪೆಟ್ರೋಲು ತುಂಬುವ ಕೊಳವೆ, ರೇಡಿಯೇಟರಿನ ರಬ್ಬರು ನಳಿಗೆ, ಇವೆಲ್ಲ ಮೈಗೂ ಚಾಸಿಸ್ಸಿಗೂ ಸೇತುವೆಯಂತಿರುವ ಭಾಗಗಳು. ಇವುಗಳಲ್ಲೊಂದು ಸೆಳೆತಕ್ಕೆ ಸಿಕ್ಕಿದೆಯೋ ಎಂದು ನೋಡದೆ ವಾಹನವನ್ನು ಹೊರಡಿಸುವುದು ಪ್ರಾಣಾಪಾಯವನ್ನು ಬರಮಾಡಿಕೊಂಡಂತೆ.

ಇಷ್ಟೆಲ್ಲ ಮಾಡಿದ ಮೇಲಾದರೂ ಜೀಪು ಕೆಸರಿನಲ್ಲಿ ಹೂಳದೆ ಇದ್ದೀತೆ? ಬಹುಮಂದಿ ಮೋಸಹೋಗುವುದು ಇಲ್ಲಿಯೇ. ಮೈ ಮೇಲೇರಿತೇ ಹೊರತು ಅಚ್ಚು ಇದ್ದಲ್ಲಿಯೇ ಇದೆ. ಎರೆಯ ಕೆಸರು ಹಿಡಿದು ನಿಲ್ಲಿಸುವುದಾದರೋ ಅಚ್ಚಿನ ನಡುವೆ ಜೋತಿರುವ ಡಿಫರೆನ್ಷಿಯಲಿನ ಗುಂಡನ್ನು. ಗಾಲಿ ಹಿರಿದಾಗದೆ ಅಚ್ಚು ಏರದು. ಮೈ ಎತ್ತಿದ್ದರ ಫಲವೆಂದರೆ ದೊಡ್ಡ ಟೈರಿಗೆ ಎಡೆ ದೊರೆಯುವುದಷ್ಟೆ. ಟೈರಿನ ವ್ಯಾಸ 2 ಅಂಗುಲ ಹೆಚ್ಚಿದರೆ ಅಚ್ಚು ಏರುವುದು 1 ಅಂಗುಲ ಮಾತ್ರ. ಎತ್ತಿನ ಬಂಡಿಗೆ ಎದೆಮಟ್ಟದ ಗಾಲಿ ಹೂಡಿದ ಹಳ್ಳಿಯ ಬಡಿಗನು ಈ ಲೆಕ್ಕವನ್ನು ಎಂದೋ ಬಲ್ಲವನಾಗಿದ್ದನು.

ಈ 1 ಅಂಗುಲಕ್ಕೆ ತೆರುವ ಬೆಲೆ ಅಲ್ಪವಲ್ಲ. ಭಾರವೆಲ್ಲ ಮೇಲಕ್ಕೆ ಸರಿದ ವಾಹನ ಓರೆಯಾದ ಕಾಲುವೆಯ ಏರಿಯಲ್ಲಿ ಬೇಗನೆ ಮಗುಚುತ್ತದೆ; ಒಳಗೆ ಕುಳಿತವರು ಮನೆಯ ಮಕ್ಕಳಾಗಿರಬಹುದು, ಹತ್ತಿ ಬಿಡಿಸಲು ಹೊರಟ ಕೂಲಿಯವರಾಗಿರಬಹುದು. ಕಾನೂನಿನ ಮಾತೂ ಇದೆ. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು ತಯಾರಕರ ಮೂಲ ವಿವರಗಳಿಗೆ ವ್ಯತಿರಿಕ್ತವಾದ ಮಾರ್ಪಾಟನ್ನು ನಿಷೇಧಿಸುತ್ತದೆ. 2019ರಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಎತ್ತಿಹಿಡಿಯಿತು. ಆದುದರಿಂದ ಜಾಕಿಗೆ ಕೈಹಾಕುವ ಮುನ್ನ ಸಾರಿಗೆ ಕಚೇರಿಯಲ್ಲಿ ವಿಚಾರಿಸುವುದು ಲೇಸು. ಹಸಿ ಎರೆಯ ಹಾದಿಯಲ್ಲಿ ಎರಡು ದಿನ ಬಿಸಿಲು ಕಾಯುವ ತಾಳ್ಮೆಯೋ, ಅದಕ್ಕಿಂತಲೂ ಅಗ್ಗದ ಸಾಧನ.