ಪುಟ್ಟ ಪದ, ದೊಡ್ಡ ಪೇಚು

1967ರ ನವೆಂಬರ್ 22ರಂದು ವಿಶ್ವಸಂಸ್ಥೆಯ ಭದ್ರತಾ ಮಂಡಳಿ 242ನೇ ನಿರ್ಣಯವನ್ನು ಸರ್ವಾನುಮತದಿಂದ ಅಂಗೀಕರಿಸಿತು. ಆ ವರ್ಷದ ಜೂನ್ ಯುದ್ಧದಲ್ಲಿ ಆಕ್ರಮಿಸಿಕೊಂಡ ಪ್ರದೇಶಗಳಿಂದ ಇಸ್ರೇಲಿ ಸೇನೆ ಹಿಂದೆ ಸರಿಯಬೇಕೆಂಬುದು ಅದರ ಒಂದು ಅಂಶ. ಬ್ರಿಟನ್ ಸಿದ್ಧಪಡಿಸಿದ್ದ ಇಂಗ್ಲಿಷ್ ಪಠ್ಯದಲ್ಲಿ ‘ಫ್ರಮ್ ಟೆರಿಟರೀಸ್’ ಎಂದಿತ್ತು. ‘ಫ್ರಮ್ ದ ಟೆರಿಟರೀಸ್’ ಎಂದಿರಲಿಲ್ಲ. ‘ದ’ ಇಲ್ಲ, ಆದ್ದರಿಂದ ಎಲ್ಲ ಪ್ರದೇಶಗಳನ್ನೂ ಬಿಡಬೇಕಿಲ್ಲ ಎಂದಿತು ಇಸ್ರೇಲ್. ಫ್ರೆಂಚ್ ಪಠ್ಯ ನೋಡಿ, ಎಲ್ಲವನ್ನೂ ಬಿಡಲೇಬೇಕು ಎಂದರು ಅರಬರು. ಇಲ್ಲದ ಒಂದು ಪದ ದಶಕಗಳ ವಾಗ್ವಾದಕ್ಕೆ ಕಾರಣವಾಯಿತು.

ನಾಮಪದಕ್ಕೆ ಮೊದಲು ಬಂದು ಅದು ಯಾವುದು, ಎಷ್ಟು ಎಂದು ಸೂಚಿಸುವ ‘ಎ’, ‘ದ’, ‘ಸಮ್’, ‘ಫ್ಯೂ’ ಮೊದಲಾದವುಗಳಿಗೆ ಇಂಗ್ಲಿಷಿನಲ್ಲಿ ಡಿಟರ್ಮಿನರ್ ಎಂದು ಹೆಸರು. ಇವುಗಳಲ್ಲಿ ಕನ್ನಡಿಗರನ್ನು ಹೆಚ್ಚು ಕಾಡುವುದು ‘ದ’. ಅದಕ್ಕೆ ಸರಿಸಮನಾದ ಪದ ಕನ್ನಡದಲ್ಲಿಲ್ಲ. ಆ ಕೆಲಸವನ್ನು ಅನೇಕ ಸಲ ವಿಭಕ್ತಿ ಪ್ರತ್ಯಯವೇ ಮಾಡುತ್ತದೆ. ‘ಪುಸ್ತಕ ಕೊಂಡಳು’ ಎಂದರೆ ಯಾವುದೋ ಪುಸ್ತಕ. ‘ಪುಸ್ತಕವನ್ನು ಕೊಂಡಳು’ ಎಂದರೆ ಸಾಮಾನ್ಯವಾಗಿ ಮಾತಿನಲ್ಲಿ ಆಗಲೇ ಬಂದುಹೋದ ಪುಸ್ತಕ. ಮೊದಲನೆಯದು ‘ಎ ಬುಕ್’, ಎರಡನೆಯದು ‘ದ ಬುಕ್’. ಅಜ್ಜಿಕತೆಯಲ್ಲೂ ಅಷ್ಟೇ: ‘ಒಬ್ಬ ರಾಜ’ ಬಂದಾಗ ‘ಎ ಕಿಂಗ್’, ‘ಆ ರಾಜ’ ಎಂದಾಗ ‘ದ ಕಿಂಗ್’.

‘ಎ’ ಮತ್ತು ‘ಆ್ಯನ್’ ಗೊಂದಲಕ್ಕೆ ಕನ್ನಡ ಲಿಪಿಯಲ್ಲೇ ಮದ್ದಿದೆ. ಇಲ್ಲಿ ಲೆಕ್ಕಕ್ಕೆ ಬರುವುದು ಇಂಗ್ಲಿಷ್ ಕಾಗುಣಿತವಲ್ಲ, ಉಚ್ಚಾರಣೆ. ಪದವನ್ನು ಉಚ್ಚರಿಸುವಂತೆಯೇ ಕನ್ನಡದಲ್ಲಿ ಬರೆದು ನೋಡಿ. ಗಂಟೆ ಎಂಬರ್ಥದ ‘ಅವರ್’, ‘ಎಂಎಲ್‌ಎ’ ಸ್ವರದಿಂದ ಶುರುವಾಗುತ್ತವೆ, ಅವಕ್ಕೆ ‘ಆ್ಯನ್’. ‘ಯೂನಿವರ್ಸಿಟಿ’ ವ್ಯಂಜನದಿಂದ, ಅದಕ್ಕೆ ‘ಎ’.

‘ಫ್ಯೂ’ ಮತ್ತು ‘ಎ ಫ್ಯೂ’ಗಳ ಅಂತರ ಇನ್ನೂ ಸೂಕ್ಷ್ಮ. ನೌಕರನೊಬ್ಬನ ಶಿಫಾರಸು ಪತ್ರದಲ್ಲಿ ‘ಹೀ ಮೇಡ್ ಫ್ಯೂ ಮಿಸ್ಟೇಕ್ಸ್’ ಎಂದಿದ್ದರೆ ಅದು ಹೊಗಳಿಕೆ: ತಪ್ಪು ಮಾಡಿದ್ದು ತೀರಾ ಕಡಿಮೆ. ‘ಎ ಫ್ಯೂ ಮಿಸ್ಟೇಕ್ಸ್’ ಎಂದರೆ ಕೆಲವು ತಪ್ಪುಗಳನ್ನು ಮಾಡಿದ್ದಾನೆ ಎಂದು ಅರ್ಥ. ಒಂದಕ್ಷರದ ‘ಎ’ ಸೇರಿದರೆ ಕೆಲಸವೇ ಕೈತಪ್ಪಬಹುದು! ನೀರು, ಹಣದಂಥ ಎಣಿಸಲಾಗದವುಗಳಿಗೆ ‘ಲಿಟ್ಲ್’, ‘ಎ ಲಿಟ್ಲ್’ ಬಳಸಬೇಕು. ಅಂತರ ಮಾತ್ರ ಅದೇ. ‘ಇನ್ಫರ್ಮೇಷನ್’, ‘ಫರ್ನಿಚರ್’, ‘ಅಡ್ವೈಸ್’ ಕೂಡ ಎಣಿಕೆಗೆ ಸಿಗದ ಪದಗಳೇ. ಅವುಗಳ ಹಿಂದೆ ‘ಎ’, ‘ಆ್ಯನ್’ ಸಲ್ಲದು, ‘ಸಮ್’ ಸಲ್ಲುತ್ತದೆ.

ಅರ್ಜಿಯನ್ನೋ ಪತ್ರವನ್ನೋ ಬರೆಯುವಾಗ ಪ್ರತಿ ನಾಮಪದದ ಬಳಿ ಎರಡು ಪ್ರಶ್ನೆ ಹಾಕಿಕೊಳ್ಳುವುದು ಲೇಸು. ಇದನ್ನು ಎಣಿಸಬಹುದೇ? ಇದು ಯಾವುದೆಂದು ಓದುವವರಿಗೆ ಗೊತ್ತೇ? ಉತ್ತರ ಸ್ಪಷ್ಟವಾದರೆ ಮುಕ್ಕಾಲು ಪಾಲು ತಪ್ಪು ತಪ್ಪಿದಂತೆಯೇ.