ಗುಡ್ ಮಾರ್ನಿಂಗ್ ಎಂಬ ಹಾಜರಿ

ಅಜ್ಜಂದಿರ ಮೊಬೈಲ್ ತುಂಬಾ ಬರೀ ಗುಲಾಬಿ ಹೂವು, ಸೂರ್ಯೋದಯ, ಕಾಫಿ ಲೋಟದ ಚಿತ್ರಗಳೇ ಎಂದು ಮಕ್ಕಳು ನಗುತ್ತಾರೆ. ನನ್ನ ಮೊಮ್ಮಗಳೂ ನಗುತ್ತಾಳೆ. ನಗಲಿ ಬಿಡಿ. ಆದರೆ ಆ ಗುಲಾಬಿಗೂ ಒಂದು ಕೆಲಸವಿದೆ.

ನಮ್ಮ ಕಾಲದಲ್ಲಿ ಶಾಲೆ ಬಿಟ್ಟ ಮೇಲೆ ಸ್ನೇಹ ಉಳಿಯಬೇಕೆಂದರೆ ಅಂಚೆ ಕಾರ್ಡೇ ಗತಿ. ಮನೆ ಬದಲಾಯಿಸಿದರೆ ವಿಳಾಸ ತಪ್ಪಿತು, ಅದರ ಜೊತೆ ಗೆಳೆತನವೂ ತಪ್ಪಿತು. ಹೀಗೆ 40 ವರ್ಷ ಯಾರು ಎಲ್ಲಿದ್ದಾರೆಂದೇ ನಮಗೆ ಗೊತ್ತಿರಲಿಲ್ಲ. ಕೊನೆಗೆ ಸಹಪಾಠಿಯೊಬ್ಬರು ಎಸ್ಸೆಸ್ಸೆಲ್ಸಿಯ ಗ್ರೂಪ್ ಫೋಟೋವನ್ನು ಫೇಸ್‌ಬುಕ್‌ಗೆ ಹಾಕಿದರು. "ಮೂರನೇ ಸಾಲಿನ ತುದಿಯಲ್ಲಿ ನಿಂತವನು ನಾನೇ ಕಣೋ" ಎನ್ನುತ್ತಾ ಒಬ್ಬೊಬ್ಬರೇ ಬಂದರು. ಈಗ ವಾಟ್ಸ್‌ಆ್ಯಪ್ ಗುಂಪಿನಲ್ಲಿ 23 ಜನರಿದ್ದೇವೆ.

ಅಲ್ಲಿ ಬರೀ ಶುಭೋದಯವಲ್ಲ, ಆಟವೂ ಉಂಟು. ಒಬ್ಬರು ಅರ್ಧ ಗಾದೆ ಹಾಕುತ್ತಾರೆ, ಉಳಿದರ್ಧವನ್ನು ಮೊದಲು ಹೇಳಿದವರು ಗೆದ್ದಂತೆ. ಕಣ್ಣು ಮಂಜಾದ ಗೆಳೆಯನಿಗೆ ಅವನ ಮೊಮ್ಮಗ ವಾಯ್ಸ್ ಮೆಸೇಜ್ ಕಲಿಸಿದ. ಈಗ ಅವನೇ ಎಲ್ಲರಿಗಿಂತ ಹೆಚ್ಚು ಮಾತಾಡುತ್ತಾನೆ! ಅಂದಹಾಗೆ, ನೀವು ಆಡುವ ವರ್ಡಲ್ ಪದದಾಟವೂ ಹೀಗೇ ಬೆಳೆದದ್ದು. ಜೋಶ್ ವಾರ್ಡಲ್ ಅದನ್ನು ತನ್ನ ಸಂಗಾತಿಗಾಗಿ ಮಾಡಿದರು. 2021ರಲ್ಲಿ ಲೋಕಕ್ಕೆ ಕೊಡುವ ಮೊದಲು ಅದು ಅವರ ಮನೆಯವರ ವಾಟ್ಸ್‌ಆ್ಯಪ್ ಗುಂಪಿನಲ್ಲಿ ನಡೆದಿತ್ತು.

ಇನ್ನು ಗುಲಾಬಿಯ ಕೆಲಸ. ನಮ್ಮಲ್ಲಿ ಒಬ್ಬಾಕೆ ಒಂಟಿಯಾಗಿರುತ್ತಾರೆ. ದಿನವೂ ಆರು ಗಂಟೆಗೆ ಅವರದೇ ಮೊದಲ ಹೂವು. ಒಂದು ದಿನ ಎಂಟಾದರೂ ಬರಲಿಲ್ಲ. ಫೋನ್ ಮಾಡಿದರೆ ಎತ್ತಲಿಲ್ಲ. ಅದೇ ಊರಿನಲ್ಲಿರುವ ಗೆಳೆಯ ಓಡಿಹೋಗಿ ಪಕ್ಕದ ಮನೆಯವರಿಂದ ಬೀಗದ ಕೈ ಪಡೆದು ಒಳಹೊಕ್ಕರೆ, ಬಚ್ಚಲುಮನೆಯಲ್ಲಿ ಜಾರಿ ಬಿದ್ದಿದ್ದರು. ಸೊಂಟದ ಮೂಳೆ ಮುರಿದಿತ್ತು. ಬೇಗ ಆಸ್ಪತ್ರೆಗೆ ಸೇರಿಸಿದ್ದರಿಂದ ಈಗ ಕೋಲು ಹಿಡಿದು ನಡೆಯುತ್ತಾರೆ. ಅಂದಿನಿಂದ ನಮಗೆ ಗುಡ್ ಮಾರ್ನಿಂಗ್ ಎಂದರೆ ಹಾಜರಿ.

ಮಕ್ಕಳೇ, ಮೋಜಿಗೂ ಒಂದು ಬೇಲಿ ಬೇಕು. ವಾಟ್ಸ್‌ಆ್ಯಪ್, ಫೇಸ್‌ಬುಕ್, ಇನ್‌ಸ್ಟಾಗ್ರಾಂ ಖಾತೆಗೆ ಕನಿಷ್ಠ 13 ವರ್ಷ ಆಗಿರಬೇಕು. ಅಲ್ಲಿಯವರೆಗೆ ದೊಡ್ಡವರ ಜೊತೆ ಕೂತು ನೋಡಿ. ಮುಖ ನೋಡದ 'ಗೆಳೆಯ' ಫೋಟೋ ಕೇಳಿದರೆ, "ಮನೆಯಲ್ಲಿ ಹೇಳಬೇಡ" ಎಂದರೆ, ತಕ್ಷಣ ಮನೆಯಲ್ಲಿ ಹೇಳಿ. ಮಕ್ಕಳ ಸಹಾಯವಾಣಿ 1098 ಇದೆ.

ಅಜ್ಜ ಅಜ್ಜಿಯರೇ, ಸಂದೇಶದ ಮೇಲೆ ಜೋಡಿ ಬಾಣದ ಗುರುತಿದ್ದರೆ ಅದು ಹಲವರ ಕೈ ದಾಟಿ ಬಂದದ್ದು. ನಿಜವೇ ಎಂದು ವಿಚಾರಿಸದೆ ಮುಂದೆ ಕಳಿಸಬೇಡಿ. ಒಟಿಪಿಯನ್ನು ಯಾರಿಗೂ ಹೇಳಬೇಡಿ. ಹಣ ಕಳೆದುಕೊಂಡರೆ ನಾಚಿಕೊಂಡು ಕೂರದೆ ಕೂಡಲೇ 1930ಕ್ಕೆ ಕರೆ ಮಾಡಿ.

ಈ ಭಾನುವಾರ ಇಬ್ಬರೂ ಸೇರಿ ಒಂದು ಕೆಲಸ ಮಾಡಿ. ಶಾಲೆಯಲ್ಲಿ ಪಕ್ಕ ಕೂರುತ್ತಿದ್ದವರು ಯಾರೆಂದು ಅಜ್ಜಿಯನ್ನು ಕೇಳಿ. ಅವರ ಹೆಸರು, ಊರು, ಪಾಸಾದ ವರ್ಷ ಬರೆದುಕೊಳ್ಳಿ. ಹುಡುಕಾಟ ಶುರುಮಾಡಲು ಅಷ್ಟು ಸಾಕು.