ಎಂಜಿನ್ ಬದಲಾವಣೆಯೂ ಬೆಸುಗೆಯ ಬಲವೂ

ನಂಜನಗೂಡಿನಿಂದ ತಿರುಮಕೂಡಲು ನರಸೀಪುರದವರೆಗಿನ ಕಪಿಲೆಯ ಬಯಲು ಭತ್ತ ಕಬ್ಬುಗಳ ಸೀಮೆ. ಇಂಥ ಸೀಮೆಗಳಲ್ಲಿ ಜೀಪು ಮತ್ತು ಅಂಬಾಸಿಡರ್ ಕಾರುಗಳು ಬಹುಕಾಲ ದುಡಿದಿವೆ. ಡೀಸೆಲ್ ಬೆಲೆ ಪೆಟ್ರೋಲಿಗಿಂತ ಬಹಳ ಅಗ್ಗವಾಗಿದ್ದ ದಶಕಗಳಲ್ಲಿ, ಇವುಗಳ ಪೆಟ್ರೋಲ್ ಎಂಜಿನ್ನನ್ನು ಇಳಿಸಿ ಡೀಸೆಲ್ ಎಂಜಿನ್ನನ್ನು ಕೂರಿಸುವ ರೂಢಿ ನಮ್ಮ ದೇಶದ ಅನೇಕ ಕಡೆ ಬೆಳೆಯಿತು. ಹೊಸ ಎಂಜಿನ್ನಿಗೆ ಎಡೆಮಾಡಲು ಹಳೆಯ ತಗಡನ್ನು ಕತ್ತರಿಸಿ ಬೇರೆ ಬ್ರಾಕೆಟ್ಟುಗಳನ್ನು ಬೆಸೆಯಬೇಕಾಗುತ್ತದೆ. ಹೀಗೆ ಕತ್ತರಿಸಿ ಕೂಡಿಸಿದ ಮೈಗೆ ಮೊದಲಿನ ಬಲ ಉಳಿದಿರುತ್ತದೆಯೆ ಎಂಬುದನ್ನು ಇಲ್ಲಿ ವಿಚಾರಮಾಡುವೆವು.

ಮೊದಲು ಎರಡು ಬಗೆಯ ಕಟ್ಟಡವನ್ನು ಬೇರ್ಪಡಿಸಿಕೊಳ್ಳಬೇಕು. ಜೀಪಿನಲ್ಲಿ ಏಣಿಯಂತಿರುವ ಚಾಸಿಸ್ಸೇ ಭಾರವನ್ನು ಹೊರುತ್ತದೆ. ಮೇಲಿನ ತಗಡು ಬಹುಮಟ್ಟಿಗೆ ಹೊದಿಕೆ ಮಾತ್ರ. 1950ರ ದಶಕದ ಕೊನೆಯಿಂದ 2014ರವರೆಗೆ ತಯಾರಾದ ಅಂಬಾಸಿಡರಿನಲ್ಲಿ ಪ್ರತ್ಯೇಕ ಚಾಸಿಸ್ ಇಲ್ಲ. ನೆಲ, ಪಕ್ಕದ ತೊಲೆ, ಕಂಬ, ಚಾವಣಿಗಳೆಲ್ಲ ಒಂದಾಗಿ ಭಾರ ಹೊರುತ್ತವೆ. ಆದುದರಿಂದ ಜೀಪಿನಲ್ಲಿ ನಿರುಪದ್ರವವಾದ ಕತ್ತರಿಕೆ ಅಂಬಾಸಿಡರಿನಲ್ಲಿ ಅಪಾಯಕರವಾಗಬಹುದು.

ಇದಕ್ಕೆ ಕಾರಣ ತಿರುಚುವಿಕೆ. ಒಂದು ಗಾಲಿ ಹಳ್ಳಕ್ಕೆ ಇಳಿದು ಇನ್ನೊಂದು ಮೇಲೆ ನಿಂತಾಗ ಇಡೀ ಮೈ ತಿರುಚಲ್ಪಡುತ್ತದೆ. ಇದನ್ನು ತಡೆಯುವುದು ಮುಚ್ಚಿದ ಪೆಟ್ಟಿಗೆಯಾಕಾರದ ತೊಲೆ. 50 ಮಿಲಿಮೀಟರ್ ಚೌಕದ, 2 ಮಿಲಿಮೀಟರ್ ದಪ್ಪದ ಉಕ್ಕಿನ ಕೊಳವೆಯನ್ನು ತೆಗೆದುಕೊಳ್ಳೋಣ. ಅದರ ಒಂದು ಮುಖವನ್ನು ಉದ್ದಕ್ಕೂ ಸೀಳಿದರೆ ಲೋಹವೇನೂ ಕಡಿಮೆಯಾಗುವುದಿಲ್ಲ. ಆದರೆ ತಿರುಚುವಿಕೆಯನ್ನು ತಡೆಯುವ ಬಿಗುವು ಲೆಕ್ಕದಂತೆ ಸುಮಾರು 430ರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ತೊಲೆಯ ಒಂದು ಪಕ್ಕವನ್ನು ಕತ್ತರಿಸಿ ತೆರೆದೇ ಬಿಡುವುದು ಎಷ್ಟು ಹಾನಿಕರವೆಂಬುದು ಇದರಿಂದ ವಿದಿತವಾಗುತ್ತದೆ.

ಇನ್ನು ಎಂಜಿನ್ನಿನ ಬಲಗಳು. ಎಂಜಿನ್ 12 ಕಿಲೋಗ್ರಾಂ-ಮೀಟರ್ ತಿರುಗುಬಲವನ್ನು ಕೊಡುತ್ತದೆಂದೂ ಮೊದಲ ಗೇರು ಅದನ್ನು ನಾಲ್ಕು ಪಟ್ಟು ಮಾಡುತ್ತದೆಂದೂ ಇಟ್ಟುಕೊಳ್ಳೋಣ. ಆಗ 48 ಕಿಲೋಗ್ರಾಂ-ಮೀಟರಿನ ಪ್ರತಿಕ್ರಿಯೆಯನ್ನು ಎಂಜಿನ್ ಕೂತಿರುವ ಬ್ರಾಕೆಟ್ಟುಗಳೇ ತಾಳಬೇಕು. ಅವು ಅರ್ಧ ಮೀಟರ್ ಅಂತರದಲ್ಲಿದ್ದರೆ ಒಂದರ ಮೇಲೆ 96 ಕಿಲೋಗ್ರಾಂ ಕೆಳಮುಖವಾಗಿ, ಮತ್ತೊಂದರ ಮೇಲೆ ಅಷ್ಟೇ ಮೇಲ್ಮುಖವಾಗಿ ಬೀಳುತ್ತದೆ. ಡೀಸೆಲ್ ಎಂಜಿನ್ ಸಾಮಾನ್ಯವಾಗಿ ಹೆಚ್ಚು ತೂಕದ್ದು, ಹೆಚ್ಚು ನಡುಗುವಂಥದ್ದು. ಆದುದರಿಂದ ಹೊರೆ ಇನ್ನೂ ಏರುತ್ತದೆ.

ಹೊಸ ಬ್ರಾಕೆಟ್ ಮೊದಲ ದಿನವೇ ಮುರಿಯುವುದು ಅಪರೂಪ. ಅದನ್ನು ಕೊಲ್ಲುವುದು ಲೋಹದ ದಣಿವು. 1735ರಲ್ಲಿ ಕಟ್ಟಿದ ನಂಜನಗೂಡಿನ ಕಲ್ಲಿನ ಸೇತುವೆ ಕಾಲಾನಂತರ ರೈಲನ್ನೂ ಹೊತ್ತಿತು. ಅದರ ಕಲ್ಲುಗಳು ಮುಖ್ಯವಾಗಿ ಅದುಮಲ್ಪಡುತ್ತವೆ. ಕಾರಿನ ಬೆಸುಗೆಯಾದರೋ ಕ್ಷಣಕ್ಷಣಕ್ಕೂ ಎಳೆಯಲ್ಪಟ್ಟು ಸಡಿಲಗೊಳ್ಳುತ್ತದೆ. ಬೆಸುಗೆಯ ಅಂಚಿನ ಸಣ್ಣ ಗೀರಿನಿಂದ ಬಿರುಕು ಹೊರಟು ಪ್ರತಿ ಎಳೆತದಲ್ಲೂ ಕೂದಲೆಳೆಗಿಂತ ಕಡಿಮೆ ಮುಂದುವರಿಯುತ್ತದೆ. ಬೆಸುಗೆಯ ಆಯುಸ್ಸು ಪೀಡನದ ಏರಿಳಿತದ ಘನಕ್ಕೆ ವಿಲೋಮವಾಗಿರುತ್ತದೆಂಬುದು ಸ್ಥೂಲ ನಿಯಮ. 150 ಕಿಲೋಗ್ರಾಂ ಎಂಜಿನ್ನಿನ ಬದಲು 200 ಕಿಲೋಗ್ರಾಮಿನದನ್ನು ಅದೇ ಬ್ರಾಕೆಟ್ಟಿನ ಮೇಲೆ ಕೂರಿಸಿದರೆ ತೂಕದಿಂದಾಗುವ ಪೀಡನ ಮೂರರಲ್ಲಿ ಒಂದು ಪಾಲು ಏರುತ್ತದೆ. ಆಯುಸ್ಸು ಅರ್ಧಕ್ಕಿಂತಲೂ ಕೆಳಗೆ, ನೂರಕ್ಕೆ ಸುಮಾರು 42ಕ್ಕೆ, ಇಳಿಯುತ್ತದೆ. ಉತ್ತಮ ಜಾತಿಯ ಉಕ್ಕನ್ನು ತಂದರೂ ಈ ಕೊರತೆ ನೀಗುವುದಿಲ್ಲ. ಏಕೆಂದರೆ ಬೆಸುಗೆಯ ದಣಿವು ಉಕ್ಕಿನ ಬಲಕ್ಕಿಂತ ಬೆಸುಗೆಯ ಆಕಾರವನ್ನೇ ಹೆಚ್ಚಾಗಿ ಅವಲಂಬಿಸಿದೆ.

ಆದುದರಿಂದ ಗಮನಿಸಬೇಕಾದ ಅಂಶಗಳು ಇವು. ದಪ್ಪ ಫಲಕವನ್ನು ತೆಳುವಾದ ತಗಡಿಗೆ ನೇರವಾಗಿ ಬೆಸೆದರೆ ಸಂಧಿಯ ಪಕ್ಕದಲ್ಲೇ ತಗಡು ಹರಿಯುತ್ತದೆ. ನಡುವೆ ಅಗಲವಾದ ಆಧಾರಫಲಕವಿದ್ದು ಅದರ ತುದಿಗಳು ಕ್ರಮೇಣ ಕಿರಿದಾಗಿರಬೇಕು. ಹೆಚ್ಚು ಎಳೆತವಿರುವ ಅಂಚಿನಲ್ಲಿ ತೊಲೆಗೆ ಅಡ್ಡಲಾಗಿ ಬೆಸುಗೆ ಹಾಕಬಾರದು. ಕತ್ತರಿಸಿದ ಪೆಟ್ಟಿಗೆಯನ್ನು ಮತ್ತೆ ಮುಚ್ಚಲೇಬೇಕು. ನಡುಕವನ್ನು ನುಂಗುವ ರಬ್ಬರ್ ದಿಂಡುಗಳನ್ನು ಬಿಡಬಾರದು.

ಕಾಯಿದೆಯ ಮಾತನ್ನೂ ಮರೆಯುವಂತಿಲ್ಲ. ತಯಾರಕರು ನಮೂದಿಸಿದ ವಿವರಗಳಿಗೆ ವ್ಯತ್ಯಾಸ ಬರುವಂತೆ ವಾಹನವನ್ನು ಬದಲಿಸಲಾಗದೆಂದು 1988ರ ಮೋಟಾರು ವಾಹನಗಳ ಅಧಿನಿಯಮದ 52ನೆಯ ಪ್ರಕರಣ ವಿಧಿಸುತ್ತದೆ. ಬೇರೆ ಇಂಧನಕ್ಕಾಗಿ ಪರಿವರ್ತನ ಸಲಕರಣೆಯನ್ನು ಜೋಡಿಸಲು ಷರತ್ತುಗಳಿಗೆ ಒಳಪಟ್ಟು ಅವಕಾಶವುಂಟು. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಈ ನಿರ್ಬಂಧವನ್ನು ಎತ್ತಿಹಿಡಿಯಿತು. ಕಾಯಿದೆಯ ಕಟ್ಟುನಿಟ್ಟಿನ ಹಿಂದೆ ಮೇಲಿನ ಲೆಕ್ಕಗಳ ನ್ಯಾಯವೂ ಇದೆಯೆಂಬುದು ನಮ್ಮ ಅಭಿಪ್ರಾಯ.

ಕಾಲೇಜಿನ ಕಾರ್ಯಾಗಾರದಲ್ಲಿ ಇದನ್ನು ಪರೀಕ್ಷಿಸಲು ದುಬಾರಿ ಯಂತ್ರ ಬೇಕಿಲ್ಲ. ಗುಜರಿಗೆ ಬಂದ ಮೈಯೊಂದರ ಹಿಂಭಾಗವನ್ನು ಬಿಗಿದು, ಮುಂಭಾಗದ ಒಂದು ಪಕ್ಕಕ್ಕೆ ಗೊತ್ತಾದ ತೂಕವನ್ನು ತೂಗುಹಾಕಿ, ತಿರುಚಿದ ಕೋನವನ್ನು ಕತ್ತರಿಸುವ ಮೊದಲೂ ಬೆಸೆದ ಅನಂತರವೂ ಅಳೆಯಬಹುದು. ಬಿರುಕನ್ನು ಕಾಣಲು ಬೆಸುಗೆಗೆ ಸೀಮೆಎಣ್ಣೆ ಸವರಿ, ಒರೆಸಿ, ಸೀಮೆಸುಣ್ಣ ಬಳಿದರೆ ಸಾಕು. ಒಳಗೆ ಇಳಿದ ಎಣ್ಣೆ ಕಪ್ಪುಗೆರೆಯಾಗಿ ಮೇಲೆ ಮೂಡುತ್ತದೆ. ಬೆಸುಗೆಯ ಹೊರನುಣುಪು ಬಲದ ಪ್ರಮಾಣವಲ್ಲ. ವಾಹನದಲ್ಲಿ ಕೂರುವವರ ಪ್ರಾಣ ಆ ಗೆರೆಯ ಮೇಲೆ ನಿಂತಿರುತ್ತದೆ.